ಗ್ರಾಮ ಪಂಚಾಯತ್ ಕಚೇರಿಗಳ ಇ-ಮೇಲ್: ಸರ್ವರ್ ವಿಧದ ಆಯ್ಕೆ ಮತ್ತು ಮೇಲ್ ತಂತ್ರಾಂಶದ ಅಳವಡಿಕೆ

ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಪಂಚಾಯತ್ ಕಚೇರಿಯ ಸುತ್ತೋಲೆಗಳು ಮತ್ತು ಸಭಾ ಸೂಚನೆಗಳು ಗ್ರಾಮ ಪಂಚಾಯತ್‌ಗಳಿಗೆ ಇ-ಮೇಲ್ ಮೂಲಕವೂ ತಲುಪುತ್ತವೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 6(1)ರನ್ವಯ ಸಾರ್ವಜನಿಕರು ವಿದ್ಯುನ್ಮಾನ ವಿಧಾನದಲ್ಲಿಯೂ ಕೋರಿಕೆ ಸಲ್ಲಿಸಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಆದುದರಿಂದ ಬಂದ ಪತ್ರವು ಯಾರ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂಬುದು ಕಚೇರಿಯ ಹೊಣೆಗಾರಿಕೆಗೆ ಸಂಬಂಧಿಸಿದ ವಿಷಯವಾಗಿದೆ.

ಎರಡು ವಿಧಗಳು

ಮೇಲ್ ತಂತ್ರಾಂಶದಲ್ಲಿ ಖಾತೆ ತೆರೆಯುವಾಗ ಪಾಪ್ ಅಥವಾ ಐಮ್ಯಾಪ್ ಎಂಬ ಆಯ್ಕೆ ಎದುರಾಗುತ್ತದೆ. ಪಾಪ್ ವಿಧಾನವು ಪತ್ರಗಳನ್ನು ಸರ್ವರ್‌ನಿಂದ ಒಂದು ಕಂಪ್ಯೂಟರಿಗೆ ಇಳಿಸುತ್ತದೆ. ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂಬ ಆಯ್ಕೆ ಇಲ್ಲದಿದ್ದಲ್ಲಿ ಅಲ್ಲಿಂದ ಅಳಿಸಿಯೂ ಹಾಕುತ್ತದೆ. ಕಳುಹಿಸಿದ ಪತ್ರದ ಪ್ರತಿಯೂ ಅದೇ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಇದು ಟಪಾಲನ್ನು ಒಬ್ಬರೇ ಮನೆಗೆ ಒಯ್ದಂತೆ. ಐಮ್ಯಾಪ್ ವಿಧಾನದಲ್ಲಿ ಮೂಲ ಪತ್ರವು ಸರ್ವರ್‌ನಲ್ಲಿಯೇ ಇರುತ್ತದೆ. ಓದಿದ ಗುರುತು, ಕಡತಗಳ ವಿಂಗಡಣೆ, ಕಳುಹಿಸಿದ ಪತ್ರ ಎಲ್ಲವೂ ಪ್ರತಿಯೊಂದು ಸಾಧನದಲ್ಲಿ ಒಂದೇ ರೀತಿ ಕಾಣುತ್ತವೆ.

ಕಾಪುವಿನ ಕರಾವಳಿಯ ಉಪ್ಪುಗಾಳಿಗೆ ಯಂತ್ರದ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ. ಘಟ್ಟದ ತಪ್ಪಲಿನ ಕಾರ್ಕಳದಲ್ಲಿ ಸಿಡಿಲು ಸಹಿತ ಮಳೆಯ ದಿನಗಳಲ್ಲಿ ವಿದ್ಯುತ್ ಏರಿಳಿತದ ಭೀತಿಯಿದೆ. ಪಾಪ್ ಬಳಸುವ ಕಚೇರಿಯ ಹಾರ್ಡ್ ಡಿಸ್ಕ್ ಕೆಟ್ಟಲ್ಲಿ ಹಲವು ವರ್ಷಗಳ ಪತ್ರವ್ಯವಹಾರವೇ ಕಳೆದುಹೋಗಬಹುದು. ಅಧಿಕಾರಿಯ ವರ್ಗಾವಣೆಯಾದಾಗಲೂ ಇದೇ ತೊಡಕು. ಆದುದರಿಂದ ಕಚೇರಿ ಖಾತೆಗೆ ಐಮ್ಯಾಪ್ ಸೂಕ್ತ.

ಅಳವಡಿಸುವ ಕ್ರಮ

1. ಉಚಿತವಾಗಿ ದೊರೆಯುವ ಥಂಡರ್‌ಬರ್ಡ್‌ನಂತಹ ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದಲೇ ಪಡೆಯುವುದು.
2. ಹೊಸ ಖಾತೆಯಲ್ಲಿ ಕಚೇರಿಯ ಹೆಸರು ಮತ್ತು ಇ-ಮೇಲ್ ವಿಳಾಸ ನಮೂದಿಸಿ, ಐಮ್ಯಾಪ್ ಆರಿಸುವುದು. ಸರ್ವರ್ ಹೆಸರನ್ನು ಸೇವೆ ಒದಗಿಸುವವರ ಸೂಚನೆಯಂತೆಯೇ ಬರೆಯುವುದು.
3. ಒಳಬರುವ ಪತ್ರಕ್ಕೆ ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್. ಹೊರಹೋಗುವ ಪತ್ರಕ್ಕೆ ಎಸ್‌ಎಂಟಿಪಿ ಸರ್ವರ್; ಪೋರ್ಟ್ 465 ಆದಲ್ಲಿ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಆದಲ್ಲಿ ಸ್ಟಾರ್ಟ್‌ಟಿಎಲ್‌ಎಸ್.
4. ಎರಡು ಹಂತದ ದೃಢೀಕರಣವಿರುವ ಕೆಲವು ಸೇವೆಗಳಲ್ಲಿ ತಂತ್ರಾಂಶಕ್ಕೆಂದೇ ಪ್ರತ್ಯೇಕ ಪಾಸ್‌ವರ್ಡ್ ಸೃಜಿಸಬೇಕಾಗುತ್ತದೆ.
5. ಪರೀಕ್ಷಾರ್ಥ ಪತ್ರವೊಂದನ್ನು ಕಳುಹಿಸಿ, ಬ್ರೌಸರ್‌ನಲ್ಲಿ ತೆರೆದ ಖಾತೆಯ ‘ಸೆಂಟ್’ ವಿಭಾಗದಲ್ಲಿಯೂ ಅದು ಕಾಣುವುದನ್ನು ಖಚಿತಪಡಿಸಿಕೊಳ್ಳುವುದು.

ಥಂಡರ್‌ಬರ್ಡ್‌ನಲ್ಲಿ ಪಾಪ್ ಖಾತೆಯನ್ನು ಐಮ್ಯಾಪ್‌ಗೆ ನೇರವಾಗಿ ಪರಿವರ್ತಿಸಲಾಗದು. ಅದೇ ವಿಳಾಸಕ್ಕೆ ಐಮ್ಯಾಪ್ ಖಾತೆ ಸೇರಿಸಿ, ಹಳೆಯ ಪತ್ರಗಳನ್ನು ಅದರ ಫೋಲ್ಡರ್‌ಗೆ ನಕಲಿಸಿ, ಅವು ಬ್ರೌಸರ್‌ನಲ್ಲಿ ಕಂಡ ಬಳಿಕವಷ್ಟೇ ಹಳೆಯ ಖಾತೆಯನ್ನು ತೆಗೆಯತಕ್ಕದ್ದು.

ಗಮನಿಸತಕ್ಕ ಅಂಶಗಳು

ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದ ಪತ್ರ ಎಲ್ಲ ಕಡೆಯೂ ಅಳಿಯುತ್ತದೆ; ಆದುದರಿಂದ ಅದು ಬ್ಯಾಕಪ್‌ಗೆ ಬದಲಿಯಲ್ಲ. ಮುಖ್ಯ ಪತ್ರಗಳನ್ನು ಪ್ರತಿ ತಿಂಗಳು ಬಾಹ್ಯ ಹಾರ್ಡ್ ಡಿಸ್ಕ್‌ಗೆ ನಕಲಿಸುವುದು. ಸರ್ವರ್‌ನ ಸ್ಥಳಮಿತಿ ತುಂಬಿದಲ್ಲಿ ಹೊಸ ಪತ್ರಗಳು ಹಿಂತಿರುಗುವ ಸಾಧ್ಯತೆಯಿರುವುದರಿಂದ ಅದನ್ನು ಆಗಾಗ್ಗೆ ಪರಿಶೀಲಿಸುವುದು. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಇ-ಮೇಲ್ ಖಾತೆಯನ್ನೂ ಸೇರಿಸಿ, ಹೊಸ ಅಧಿಕಾರಿಯು ಅಂದೇ ಪಾಸ್‌ವರ್ಡ್ ಬದಲಾಯಿಸುವುದು.