ಹಿತ್ತಲು

ಹಿತ್ತಲು ಎಂದರೆ ಮನೆಯ ಹಿಂಬದಿಗೆ ಅಥವಾ ಪಕ್ಕಕ್ಕೆ ಹೊಂದಿಕೊಂಡಿರುವ, ಕುಟುಂಬದ ನಿತ್ಯಬಳಕೆಗೆ ಬೇಕಾದ ಸೊಪ್ಪು, ತರಕಾರಿ, ಹಣ್ಣು, ಹೂವು ಹಾಗೂ ಮದ್ದಿನ ಗಿಡಗಳನ್ನು ಬೆಳೆಸುವ ಜಾಗ. ಹೊಲ, ಗದ್ದೆ ಮತ್ತು ತೋಟಗಳು ಮುಖ್ಯವಾಗಿ ದವಸಧಾನ್ಯಕ್ಕೆ ಇಲ್ಲವೇ ಮಾರಾಟದ ಬೆಳೆಗೆ ಮೀಸಲಾದರೆ, ಹಿತ್ತಲು ಅಡುಗೆಮನೆಯ ಮುಂದುವರಿಕೆಯಾಗಿದೆ. ಮನೆಯಿಂದ ಹೊರಬೀಳುವ ನೀರು, ಬೂದಿ ಮತ್ತು ಕಸ ಇಲ್ಲಿ ಗಿಡಗಳಿಗೆ ಆಹಾರವಾಗುತ್ತವೆ. ಆ ಗಿಡಗಳ ಫಲ ಮರಳಿ ಅಡುಗೆಗೆ ಬರುತ್ತದೆ. ನಗರೀಕರಣದಿಂದ ಕ್ಷೀಣಿಸಿದ್ದ ಈ ಪದ್ಧತಿಯನ್ನು ಇತ್ತೀಚಿನ ದಶಕಗಳಲ್ಲಿ ಅನೇಕ ಕುಟುಂಬಗಳು ಕೈತೋಟ ಮತ್ತು ತಾರಸಿ ತೋಟಗಳ ರೂಪದಲ್ಲಿ ಮತ್ತೆ ಕೈಗೆತ್ತಿಕೊಂಡಿವೆ.

ಸ್ವರೂಪ

ಹಿತ್ತಲಿನ ಸ್ವರೂಪ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಮಳೆ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡಿನಲ್ಲಿ ಗಿಡಮರಗಳು ಹಲವು ಅಂತಸ್ತುಗಳಲ್ಲಿ ಬೆಳೆಯುತ್ತವೆ. ತೆಂಗು, ಹಲಸು ಮತ್ತು ಮಾವು ಮೇಲಿನ ಅಂತಸ್ತಿನಲ್ಲಿದ್ದರೆ, ಬಾಳೆ, ಪಪ್ಪಾಯಿ ಮತ್ತು ನುಗ್ಗೆ ನಡುವಿನಲ್ಲಿರುತ್ತವೆ. ಅವುಗಳ ನೆರಳಿನಲ್ಲಿ ಅರಿಸಿನ, ಶುಂಠಿ ಮತ್ತು ಕೆಸು ಬೆಳೆಯುತ್ತವೆ. ಒಂದೆಲಗದಂತಹ ಸಣ್ಣ ಸಸ್ಯಗಳು ತೇವವಿರುವ ನೆಲವನ್ನು ಆವರಿಸುತ್ತವೆ. ಮೆಣಸಿನ ಬಳ್ಳಿ ಮರವನ್ನು ಆಶ್ರಯಿಸಿದರೆ ಬಸಳೆ ಮತ್ತು ತೊಂಡೆ ಚಪ್ಪರಕ್ಕೆ ಹಬ್ಬುತ್ತವೆ. ಬಗೆಬಗೆಯ ಸಸ್ಯಗಳು ಬೇರೆ ಬೇರೆ ಎತ್ತರದಲ್ಲಿ ಬೆಳಕನ್ನೂ ಬೇರೆ ಬೇರೆ ಆಳದಲ್ಲಿ ನೀರನ್ನೂ ಪಡೆಯುವುದರಿಂದ ಸಣ್ಣ ಜಾಗದಲ್ಲಿಯೂ ಹೆಚ್ಚು ಬಗೆಗಳನ್ನು ಬೆಳೆಯಬಹುದು.

ಬಯಲುಸೀಮೆಯ ಹಿತ್ತಲಿನಲ್ಲಿ ಕೊಟ್ಟಿಗೆ, ತಿಪ್ಪೆ ಮತ್ತು ಹುಲ್ಲಿನ ಬಣವೆಗೂ ಸ್ಥಾನವಿದೆ. ಇಲ್ಲಿ ನುಗ್ಗೆ, ಕರಿಬೇವು, ನಿಂಬೆ ಹಾಗೂ ಅವರೆ, ಹೀರೆ ಮತ್ತು ಕುಂಬಳದ ಬಳ್ಳಿಗಳು ಸಾಮಾನ್ಯ. ಯಾರೂ ಬಿತ್ತದೆ ತಾವಾಗಿ ಹುಟ್ಟುವ ಅಣ್ಣೆಸೊಪ್ಪು, ಹೊನಗೊನ್ನೆ ಮತ್ತು ಗಣಿಕೆ ಸೊಪ್ಪುಗಳನ್ನು ಕಲೆಹಾಕಿ ಬೆರಕೆ ಸೊಪ್ಪಿನ ಸಾರು ಮಾಡುವುದುಂಟು.

ಇದೇ ಬಗೆಯ ಮನೆತೋಟಗಳು ಕೇರಳ, ಶ್ರೀಲಂಕಾದ ಕ್ಯಾಂಡಿ ಪ್ರದೇಶ ಮತ್ತು ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿಯೂ ಪ್ರಸಿದ್ಧವಾಗಿವೆ. ಜಾವಾದಲ್ಲಿ ಇವನ್ನು ‘ಪೆಕರಾಂಗನ್’ ಎಂದು ಕರೆಯುತ್ತಾರೆ.

ನೀರು ಮತ್ತು ಗೊಬ್ಬರದ ಚಕ್ರ

ಸಾಂಪ್ರದಾಯಿಕ ಹಿತ್ತಲಿಗೆ ಪ್ರತ್ಯೇಕ ನೀರಾವರಿ ವ್ಯವಸ್ಥೆ ಬೇಕಾಗುತ್ತಿದ್ದುದು ಕಡಿಮೆ. ಬಚ್ಚಲಿನ ಮತ್ತು ಪಾತ್ರೆ ತೊಳೆದ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ, ಕೆಸು ಮತ್ತು ಬಸಳೆಯ ಬುಡವನ್ನು ಸೇರುತ್ತಿತ್ತು. ಹೆಚ್ಚು ನೀರನ್ನು ಬಯಸುವ ಈ ಸಸ್ಯಗಳನ್ನು ಬಚ್ಚಲಿನ ಸಮೀಪದಲ್ಲಿಯೇ ನೆಡುತ್ತಿದ್ದುದು ಈ ಕಾರಣಕ್ಕಾಗಿ. ಸ್ನಾನಕ್ಕೆ ಸೀಗೆಕಾಯಿ ಮತ್ತು ಕಡಲೆಹಿಟ್ಟು, ಪಾತ್ರೆಗೆ ಬೂದಿ, ಬಟ್ಟೆಗೆ ಅಂಟುವಾಳ ಬಳಕೆಯಲ್ಲಿದ್ದುದರಿಂದ ಆ ನೀರು ಮಣ್ಣಿಗೆ ಹೊರೆಯಾಗುತ್ತಿರಲಿಲ್ಲ. ಇಂದಿನ ಬಟ್ಟೆ ಒಗೆಯುವ ಪುಡಿಗಳಲ್ಲಿ ಸೋಡಿಯಂ ಲವಣಗಳು ಹೆಚ್ಚಾಗಿದ್ದು, ಅಂತಹ ನೀರನ್ನು ಸತತವಾಗಿ ಹರಿಸಿದರೆ ಜೇಡಿ ಅಂಶವುಳ್ಳ ಮಣ್ಣು ಬಿಗಿದುಕೊಂಡು ನೀರಿಂಗುವಿಕೆ ಕುಂದುತ್ತದೆ.

ಕೊಟ್ಟಿಗೆಯ ಸಗಣಿ, ಒಣ ಎಲೆ ಮತ್ತು ತರಕಾರಿ ಸಿಪ್ಪೆ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತಿದ್ದವು. ಒಲೆಯ ಬೂದಿ ಗಿಡಗಳಿಗೆ ಪೊಟ್ಯಾಸಿಯಂ ಒದಗಿಸುತ್ತದೆ. ಅವರೆಯಂತಹ ಗಿಡಗಳಿಗೆ ಹೇನು ತಗುಲಿದಾಗ ಎಲೆಗಳ ಮೇಲೆ ಬೂದಿಯನ್ನು ಉದುರಿಸುವ ರೂಢಿಯೂ ಇದೆ.

ಹಿತ್ತಲು ಮತ್ತು ಅಡುಗೆ

ಹಲವು ಪ್ರಾದೇಶಿಕ ಅಡುಗೆಗಳು ಹಿತ್ತಲನ್ನೇ ಆಧರಿಸಿವೆ. ಒಂದೆಲಗ, ದೊಡ್ಡಪತ್ರೆ ಮುಂತಾದ ಸೊಪ್ಪುಗಳನ್ನು ತೆಂಗಿನಕಾಯಿಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿ ತಯಾರಿಸುವ ತಂಬುಳಿ ಮಲೆನಾಡು ಮತ್ತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ಕೆಸುವಿನ ಎಲೆಗೆ ಅಕ್ಕಿ ಮತ್ತು ಮಸಾಲೆಯ ಹಿಟ್ಟನ್ನು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಪತ್ರೊಡೆಯಾಗುತ್ತದೆ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಬಾಯಿ ಮತ್ತು ಗಂಟಲಿನಲ್ಲಿ ತುರಿಕೆಯನ್ನುಂಟುಮಾಡುವುದರಿಂದ, ಹಿಟ್ಟಿಗೆ ಹುಣಸೆಹಣ್ಣು ಸೇರಿಸಿ ಚೆನ್ನಾಗಿ ಬೇಯಿಸುವುದು ವಾಡಿಕೆ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ, ಕೈಗೆಟಕುವ ವಸ್ತುವಿನ ಬೆಲೆಯನ್ನು ಜನರು ಅರಿಯದಿರುವುದನ್ನು ಸೂಚಿಸುತ್ತದೆ. ಆದರೆ ಹಿತ್ತಲಿನದು ಎಂಬ ಕಾರಣಕ್ಕೆ ಯಾವ ಸಸ್ಯವೂ ಮಿತಿಯಿಲ್ಲದೆ ಸೇವಿಸಲು ಯೋಗ್ಯವಾಗುವುದಿಲ್ಲ. ಪೌಷ್ಟಿಕವೆಂದು ಹೆಸರಾದ ಚಕ್ರಮುನಿ ಸೊಪ್ಪಿನ ಹಸಿ ರಸವನ್ನು 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅತಿಯಾಗಿ ಕುಡಿದ ಅನೇಕರು ತೀವ್ರವಾದ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಗುರುತು ಖಚಿತವಾಗದ ಗಿಡವನ್ನು ತಿನ್ನಬಾರದು. ಮನೆಮದ್ದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ.

ಬೀಜ ಮತ್ತು ಮಹಿಳೆಯರ ಅರಿವು

ಹಿತ್ತಲಿನ ಬಹುಪಾಲು ಕೆಲಸ ಮತ್ತು ತಿಳಿವಳಿಕೆ ಮಹಿಳೆಯರದು. ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕು, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಹೇಗೆ ಒಣಗಿಸಬೇಕು, ಯಾವ ಮಳೆ ನಕ್ಷತ್ರದಲ್ಲಿ ಬಿತ್ತಬೇಕು ಎಂಬುದನ್ನು ಅತ್ತೆಯಿಂದ ಸೊಸೆ, ತಾಯಿಯಿಂದ ಮಗಳು ಕಲಿಯುತ್ತಿದ್ದರು. ಬೀಜ ಮತ್ತು ಗಡ್ಡೆಗಳು ನೆರೆಹೊರೆಯವರ ನಡುವೆ, ತವರುಮನೆ ಮತ್ತು ಗಂಡನ ಮನೆಯ ನಡುವೆ ಹಣವಿಲ್ಲದೆಯೇ ಕೈ ಬದಲಾಗುತ್ತಿದ್ದವು. ಈ ಅರಿವು ಬರಹಕ್ಕೆ ಇಳಿದದ್ದು ಕಡಿಮೆ. ಆದ್ದರಿಂದ ಒಂದು ತಲೆಮಾರು ಹಿತ್ತಲನ್ನು ಬಿಟ್ಟರೆ ಗಿಡದ ಜೊತೆಗೆ ಅದರ ಹೆಸರು ಮತ್ತು ಬಳಕೆಯ ಕ್ರಮವೂ ಮರೆಯಾಗುತ್ತವೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಮಹಿಳೆಯರೇ ಕಟ್ಟಿಕೊಂಡಿರುವ ‘ವನಸ್ತ್ರೀ’ ಬಳಗವು ಮಲೆನಾಡಿನ ಹಿತ್ತಲುಗಳ ನಾಟಿ ಬೀಜಗಳನ್ನು ಉಳಿಸುವ ಕೆಲಸದಲ್ಲಿ ತೊಡಗಿದೆ.

ಹಿತ್ತಲನ್ನು ಹಳ್ಳಿಯ ಸಮೃದ್ಧಿಯ ಸಂಕೇತವಾಗಿ ಮಾತ್ರ ಕಾಣುವುದು ಅಪೂರ್ಣ. ವಿಶಾಲವಾದ ಹಿತ್ತಲು ಭೂಮಿಯುಳ್ಳವರ ಸೌಲಭ್ಯವಾಗಿತ್ತು. ಭೂರಹಿತ ಕುಟುಂಬಗಳಿಗೆ ಗುಡಿಸಲಿನ ಸುತ್ತ ನಾಲ್ಕು ಗಿಡಗಳಿಗಿಂತ ಹೆಚ್ಚಿನ ಜಾಗ ದೊರೆಯುತ್ತಿರಲಿಲ್ಲ. ಮಹಿಳೆಯರ ದುಡಿಮೆಯೂ ಲೆಕ್ಕಕ್ಕೆ ಬಾರದೆ ಉಳಿಯಿತು.

ಕ್ಷೀಣಿಸಲು ಕಾರಣಗಳು

ಹಿತ್ತಲು ಜಾಗದ ಅಭಾವದಿಂದ ಮಾತ್ರ ಮರೆಯಾಗಲಿಲ್ಲ. ಅದನ್ನು ಪೋಷಿಸುತ್ತಿದ್ದ ಚಕ್ರ ಒಂದೊಂದೇ ಕಡೆ ಕಡಿದುಹೋಯಿತು. ಅಡುಗೆ ಅನಿಲ ಬಂದಾಗ ಹೊಗೆಯ ಕಾಟ ತಪ್ಪಿತು, ಜೊತೆಗೆ ಬೂದಿಯೂ ಇಲ್ಲವಾಯಿತು. ಒಳಚರಂಡಿಯಿಂದ ನೈರ್ಮಲ್ಯ ಹೆಚ್ಚಿತು, ಆದರೆ ಬಚ್ಚಲಿನ ನೀರು ಗಿಡವನ್ನು ತಲುಪದಾಯಿತು. ದನಕರುಗಳು ಕಡಿಮೆಯಾದಂತೆ ಗೊಬ್ಬರವನ್ನು ಕೊಳ್ಳಬೇಕಾಯಿತು. ಮನೆಗಳು ಪಾಲಾದವು, ಅಂಗಳಕ್ಕೆ ಸಿಮೆಂಟ್ ಬಂದಿತು. ಮಲೆನಾಡಿನಲ್ಲಿ ಮಂಗ ಮತ್ತು ಕಾಡುಹಂದಿಗಳ ಹಾವಳಿಯಿಂದ ತರಕಾರಿ ಬೆಳೆಯುವುದನ್ನೇ ಬಿಟ್ಟ ಕುಟುಂಬಗಳಿವೆ.

ಆಧುನಿಕ ರೂಪಗಳು

ನಗರಗಳಲ್ಲಿ ಹಿತ್ತಲು ತಾರಸಿಗೆ ಏರಿದೆ. ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿ ತೋಟದ ತರಬೇತಿಯ ಮೂಲಕ ಇದಕ್ಕೆ ಪ್ರಚಾರ ನೀಡಿದರು. 2018ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪೋಷಣ್ ಅಭಿಯಾನದ ಭಾಗವಾಗಿ ಅಂಗನವಾಡಿಗಳ ಆವರಣದಲ್ಲಿಯೂ ಪೌಷ್ಟಿಕ ಕೈತೋಟಗಳನ್ನು ಪ್ರೋತ್ಸಾಹಿಸಲಾಗುತ್ತಿದೆ.

ಹೊಸದಾಗಿ ಆರಂಭಿಸುವವರು ಗಮನಿಸಬೇಕಾದ ಅಂಶಗಳು:

ನೀರು: 1 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರಾಗುತ್ತದೆ. ಈ ಲೆಕ್ಕದಂತೆ 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಮಳೆಯಾದರೆ ಒಟ್ಟು 90,000 ಲೀಟರ್ ಬೀಳುತ್ತದೆ. ಇದರಲ್ಲಿ ಸ್ವಲ್ಪಭಾಗ ನಷ್ಟವಾದರೂ ಉಳಿದದ್ದನ್ನು ಸಂಗ್ರಹಿಸಬಹುದು.

ಭಾರ: ಒದ್ದೆ ಮಣ್ಣು ಬಹಳ ತೂಕವಿರುತ್ತದೆ. 1 ಚದರ ಮೀಟರ್ ಅಗಲಕ್ಕೆ 30 ಸೆಂಟಿಮೀಟರ್ ಎತ್ತರ ಮಣ್ಣು ತುಂಬಿದರೆ ಸುಮಾರು ಅರ್ಧ ಟನ್ ಭಾರವಾಗುತ್ತದೆ. ಆದ್ದರಿಂದ ತಾರಸಿಯಲ್ಲಿ ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಬೆರೆಸಿದ ಹಗುರವಾದ ಮಿಶ್ರಣ ಸೂಕ್ತ.

ಬೆಳಕು: ಟೊಮೆಟೊ, ಬದನೆ ಮತ್ತು ಮೆಣಸಿನಕಾಯಿಗೆ ದಿನಕ್ಕೆ ಸುಮಾರು 6 ಗಂಟೆಗಳ ಬಿಸಿಲು ಬೇಕು. ಒಂದೆಲಗ ಮತ್ತು ದೊಡ್ಡಪತ್ರೆಗೆ ಅರೆನೆರಳು ಸಾಕು.

ಆರೋಗ್ಯ: ಕುಂಡಗಳ ಅಡಿತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗೆ ಹರಡುವ ಸೊಳ್ಳೆಗಳು ಬೆಳೆಯುತ್ತವೆ. ವಾರಕ್ಕೊಮ್ಮೆಯಾದರೂ ಅದನ್ನು ಚೆಲ್ಲಿ ತಟ್ಟೆಯನ್ನು ಉಜ್ಜಿ ಒಣಗಿಸಬೇಕು.

ಮಹತ್ವ ಮತ್ತು ಮಿತಿ

ಸಾಮಾನ್ಯ ಗಾತ್ರದ ಹಿತ್ತಲು ಒಂದು ಕುಟುಂಬಕ್ಕೆ ಬೇಕಾದ ಅಕ್ಕಿ, ರಾಗಿ, ಬೇಳೆ ಮತ್ತು ಎಣ್ಣೆಯನ್ನು ಒದಗಿಸಲಾರದು; ಅದರಿಂದ ಸಂಪೂರ್ಣ ಸ್ವಾವಲಂಬನೆಯನ್ನು ನಿರೀಕ್ಷಿಸುವವರು ನಿರಾಶರಾಗುತ್ತಾರೆ. ಅದು ನೀಡುವುದು ತಾಜಾ ಸೊಪ್ಪು, ಊಟದಲ್ಲಿ ವೈವಿಧ್ಯ ಮತ್ತು ಮನೆಯಲ್ಲಿಯೇ ಕರಗುವ ಹಸಿ ಕಸ. ಇದರೊಡನೆ ಮಕ್ಕಳು ಬೀಜ ಮೊಳೆಯುವುದನ್ನೂ ಜೇನುನೊಣ ಹೂವಿಗೆ ಬರುವುದನ್ನೂ ಪಾಠಪುಸ್ತಕದ ಚಿತ್ರಕ್ಕಿಂತ ಮೊದಲು ಕಣ್ಣಾರೆ ಕಾಣುತ್ತಾರೆ. ಮನೆಯ ಹಿರಿಯರಿಗೆ ಗೊತ್ತಿರುವ ಸೊಪ್ಪುಗಳ ಹೆಸರನ್ನೂ ಅವುಗಳ ಅಡುಗೆಯ ಕ್ರಮವನ್ನೂ ಬರೆದಿಟ್ಟುಕೊಳ್ಳಲು ಸ್ವಂತ ಜಾಗವೂ ಬೇಕಾಗಿಲ್ಲ. ಹಿತ್ತಲನ್ನು ಉಳಿಸಿಕೊಳ್ಳುವ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.