ಹೊಲದ ಬಿಸಿಲು, ನಮ್ಮ ಚರ್ಮ

ಸ್ನಾನಕ್ಕೆ ಅಂಗಿ ಬಿಚ್ಚಿದಾಗ ಮುಂಗೈ ಚರ್ಮವನ್ನೂ ಹೊಟ್ಟೆ ಚರ್ಮವನ್ನೂ ಜೊತೆಗಿಟ್ಟು ನೋಡಿಕೊಳ್ಳಿ. ಎರಡಕ್ಕೂ ವಯಸ್ಸು ಒಂದೇ. ನನಗೀಗ ಐವತ್ತಾರು. ಹೊಟ್ಟೆ ಚರ್ಮ ಇನ್ನೂ ನುಣುಪಾಗಿದೆ. ಮುಂಗೈ ಮಾತ್ರ ನೀರು ಬತ್ತಿದ ಕೆರೆಯಂಗಳದ ಹಾಗೆ ಗೆರೆಗೆರೆ. ಕತ್ತಿನ ಹಿಂಭಾಗವಂತೂ ಎಮ್ಮೆ ತೊಗಲು. "ವಯಸ್ಸಾಯ್ತು ಬಿಡಪ್ಪ" ಅಂತೀವಲ್ಲ, ವಯಸ್ಸೇ ಕಾರಣ ಆಗಿದ್ದರೆ ಹೊಟ್ಟೆಯೂ ಹಾಗೇ ಆಗಬೇಕಿತ್ತು.

ನಮ್ಮದು ಚಳ್ಳಕೆರೆ ಕಡೆ ಖುಷ್ಕಿ. ಶೇಂಗಾ, ಸಾಲಿನ ನಡುವೆ ತೊಗರಿ, ಸ್ವಲ್ಪ ಸಜ್ಜೆ. ಬಯಲು ಜಾಸ್ತಿ, ಮರ ಕಡಿಮೆ. ನಲವತ್ತಕ್ಕೇ ಅರವತ್ತರವರಂತೆ ಕಾಣುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಈ ವಯಸ್ಸಲ್ಲಿ ಚಂದ ಕಾಣಬೇಕೆಂದು ಇದನ್ನು ಬರೆಯುತ್ತಿಲ್ಲ. ತುರಿಕೆ, ತುಟಿ ಒಡಕು, ಕಣ್ಣಿನ ಪೊರೆ ಶುರುವಾದರೆ ದುಡಿಮೆಯ ದಿನಗಳೇ ಹೋಗುತ್ತವೆ, ಅದಕ್ಕೆ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಮೈಗೆ ಬಿಸಿಯೂ ಅನ್ನಿಸದ ಕಿರಣಗಳಿವೆ. ನೇರಳಾತೀತ ಕಿರಣ ಅನ್ನುತ್ತಾರೆ. ಇದರಲ್ಲಿ ನೆಲಕ್ಕೆ ತಲಪುವುದು ಎರಡು ಜಾತಿ. ಒಂದು ಮೇಲ್ಚರ್ಮವನ್ನು ಸುಡುತ್ತದೆ. ಇನ್ನೊಂದು ಒಳಗಿಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿಟ್ಟ ಎಳೆಗಳನ್ನು ಕಡಿಯುತ್ತದೆ. ಮಂಚದ ನವಾರು ಸಡಿಲಾದರೆ ಹೇಗೆ ಜೋಲುತ್ತದೋ ಹಾಗೆ ಚರ್ಮ ಜೋತು ಸುಕ್ಕಾಗುತ್ತದೆ. ಈ ಎರಡನೆಯದು ಗಾಜನ್ನೂ ದಾಟುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಚಾಲಕನ ಫೋಟೋ ಬಂತು. 28 ವರ್ಷ ಸಾಮಾನು ಸಾಗಿಸುವ ವಾಹನ ಓಡಿಸಿದವನು. ಕಿಟಕಿ ಕಡೆಗಿದ್ದ ಎಡಗೆನ್ನೆ ಪೂರಾ ಸುಕ್ಕು, ಬಲಗೆನ್ನೆ ಹತ್ತಿಪ್ಪತ್ತು ವರ್ಷ ಚಿಕ್ಕವನದು. ಅಲ್ಲಿ ಚಾಲಕ ಎಡಕ್ಕೆ ಕೂರುತ್ತಾನೆ; ನಮ್ಮ ಲಾರಿಯವರು ಬಲಗೆನ್ನೆ ನೋಡಿಕೊಳ್ಳಲಿ.

ನಮ್ಮ ಕಪ್ಪು ಬಣ್ಣ ಒಂದಷ್ಟು ಕಾಯುತ್ತದೆ. ಬಿಳಿಯರಿಗೆ ಬರುವಷ್ಟು ಚರ್ಮದ ಕ್ಯಾನ್ಸರು ನಮ್ಮಲ್ಲಿಲ್ಲ, ನಿಜ. ಆದರೆ ಸುಕ್ಕು, ಬಂಗು, ಕಣ್ಣಿನ ತೊಂದರೆಯನ್ನು ಬಣ್ಣ ತಡೆಯುವುದಿಲ್ಲ.

ಬಿಸಿ ಬೇರೆ, ಈ ಕಿರಣ ಬೇರೆ. ನಮ್ಮ ಶೇಂಗಾ ಕಳೆ ತೆಗೆಯುವುದು ಆಷಾಢ–ಶ್ರಾವಣದಲ್ಲಿ. ಆಗ ಮೇಲೆ ತೆಳು ಮೋಡ, ಹೊಡೆಯುವ ಗಾಳಿ, ಮೈ ತಣ್ಣಗೆ. ಬಿಸಿಲೇ ಇಲ್ಲ ಅಂತ ಬನಿಯನ್ನಿನಲ್ಲೇ ದಿನ ಕಳೀತೀವಿ. ತೆಳು ಮೋಡ ಈ ಕಿರಣವನ್ನು ಬಹುಪಾಲು ಬಿಟ್ಟೇ ಬಿಡುತ್ತದೆ. ಗಡಿಯಾರ ಇಲ್ಲದಿದ್ದರೆ ನೆರಳು ನೋಡಿ. ನೆರಳು ನಿಮಗಿಂತ ಉದ್ದವಿದ್ದರೆ ಕಿರಣದ ಜೋರು ಕಡಿಮೆ. ನಿಮಗಿಂತ ಗಿಡ್ಡವಾಯಿತೋ, ಮೈ ಮುಚ್ಚಿಕೊಳ್ಳಬೇಕು. ಸುಮಾರು ಒಂಬತ್ತೂವರೆಯಿಂದ ಮೂರರವರೆಗೆ ಅಂತಿಟ್ಟುಕೊಳ್ಳಿ.

ಮುಚ್ಚಿಕೊಳ್ಳುವುದರಲ್ಲಿ ಹೆಂಗಸರು ನಮಗಿಂತ ಜಾಣರು. ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವಲು. ಗಂಡಸರದ್ದು ಬರೀ ರುಮಾಲು. ರುಮಾಲು ನೆತ್ತಿ ಕಾಯುತ್ತದೆ. ಕಿವಿ, ಮೂಗು, ಕತ್ತು ಹೊರಗೇ. ನಾನೀಗ ರುಮಾಲಿನ ಸೆರಗನ್ನು ಕತ್ತಿನ ಮೇಲೆ ಇಳಿಬಿಡುತ್ತೇನೆ. ಸುತ್ತ ನಾಲ್ಕು ಬೆರಳು ಅಂಚಿರುವ ಬಟ್ಟೆ ಟೋಪಿ ಇನ್ನೂ ಒಳ್ಳೆಯದು, ಕಣ್ಣಿಗೂ ನೆರಳು. ಅಂಗಿ ಆರಿಸುವಾಗ ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆಯ ಬೆರಳು ಕಾಣುತ್ತಿದ್ದರೆ ಕಿರಣವೂ ದಾಟುತ್ತದೆ. ತೆಳ್ಳನೆ ಬಿಳಿ ಅಂಗಿಗಿಂತ ಒತ್ತು ನೇಯ್ಗೆಯ ಖಾಕಿ, ನೀಲಿ ವಾಸಿ. ಬೆವರಿಗೆ ತೊಯ್ದ ಹತ್ತಿ ಬಟ್ಟೆ ಇನ್ನಷ್ಟು ಕಿರಣ ಬಿಡುತ್ತದೆ, ಆದ್ದರಿಂದ ಸಡಿಲ ಹೊಲಿಗೆ ಇರಲಿ. ಸೆಕೆ ಆಗುತ್ತದೆ ಅನ್ನುವವರಿಗೆ: ಒಂದು ವಾರ ಹಾಕಿ ನೋಡಿ, ಬರಿಮೈಗೆ ಬಡಿಯುವ ಬಿಸಿಲಿಗಿಂತ ಇದೇ ತಂಪು.

ಇನ್ನು ಕ್ರೀಮಿನ ವಿಷಯ. ಇದರಲ್ಲೇ ಬಡವರ ದುಡ್ಡೂ ಹೋಗುತ್ತದೆ, ಮುಖವೂ ಹೋಗುತ್ತದೆ. ನಮ್ಮ ಮನೆಯಲ್ಲೇ ನಾದಿನಿಗೆ ಬಂಗು ಬಂದಿತ್ತು. ಔಷಧಿ ಅಂಗಡಿಯೊಂದರಲ್ಲಿ ಚೀಟಿ ಇಲ್ಲದೇ ಒಂದು ಟ್ಯೂಬು ಕೊಟ್ಟರು. ಹದಿನೈದು ದಿನ ಬಂಗು ತಿಳಿಯಾಯಿತು, ಮುಖ ಬೆಳ್ಳಗೆ. ಮೂರು ತಿಂಗಳಿಗೆ ಚರ್ಮ ತೆಳುವಾಗಿ ಕೆಂಪು ನರ ಕಾಣತೊಡಗಿತು, ಬಿಸಿಲಿಗೆ ಹೋದರೆ ಉರಿ. ಹಚ್ಚುವುದು ಬಿಟ್ಟರೆ ಇನ್ನೂ ಉರಿ. ಚರ್ಮದ ಡಾಕ್ಟರು ನೋಡಿ, ಅದರಲ್ಲಿ ಸ್ಟೀರಾಯ್ಡ್ ಇದೆ ಅಂದರು. ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದೆಂದು 2018ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಡಾಕ್ಟರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಬಿಡುವುದನ್ನೂ ಅವರನ್ನು ಕೇಳಿಯೇ ಬಿಡಿ. ನಿಂಬೆರಸ ಹಚ್ಚಿ ಹೊಲಕ್ಕೆ ಹೋಗುವುದೂ ಅಪಾಯ. ಬಿಸಿಲು ಸೇರಿದರೆ ಬೊಬ್ಬೆ ಎದ್ದು ಕಪ್ಪು ಕಲೆ ನಿಲ್ಲುತ್ತದೆ.

ಬಿಸಿಲು ತಡೆಯುವ ಸನ್‌ಸ್ಕ್ರೀನ್ ಎಂಬುದು ಬೇರೆ, ಅದು ಸುಳ್ಳಲ್ಲ. ಎಸ್‌ಪಿಎಫ್ 30 ಇರಬೇಕು, ಮುಖ ಕತ್ತಿಗೆ ಎರಡು ಬೆರಳುದ್ದ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ. ನಮ್ಮ ಬೆವರಿಗೂ ಜೇಬಿಗೂ ದಿನಾ ಆಗುವ ಕೆಲಸವಲ್ಲ. ಬಂಗು ಇರುವವರು, ತೊನ್ನು ಇರುವವರು ಹಚ್ಚಲಿ, ಉಳಿದವರಿಗೆ ಬಟ್ಟೆ ಸಾಕು. ಅದರಲ್ಲಿ ಸತು ಇರುತ್ತದೆಂದು ಕೇಳಿ ಒಬ್ಬರು ಬೆಳೆಗೆ ಹಾಕುವ ಜಿಂಕ್ ಸಲ್ಫೇಟ್ ಆಗುತ್ತಾ ಅಂದರು. ಖಂಡಿತ ಆಗಲ್ಲ, ಮುಖ ಸುಟ್ಟೀತು!

ನಮ್ಮ ಬಯಲಿಗೆ ಇನ್ನೊಂದು ಶನಿ ಕಾಂಗ್ರೆಸ್ ಗಿಡ. ಇದರ ಹೂವಿನ ಪುಡಿ, ಒಣಗಿದ ಚೂರು ಗಾಳಿಯಲ್ಲಿ ಬಂದು ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂತು ತುರಿಕೆ ಎಬ್ಬಿಸುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಕೆಲವರ ಚರ್ಮ ಬರೀ ಬಿಸಿಲನ್ನೂ ತಾಳದಂತಾಗುತ್ತದೆ, ಮುಖ ದಪ್ಪವಾಗಿ ಮಡಿಕೆ ಬೀಳುತ್ತದೆ. ಅಂಥವರಿಗೆ ಹೊಲದ ಕೆಲಸವೇ ತಪ್ಪಿಹೋಗುತ್ತದೆ. ಹೂ ಬಿಡುವ ಮೊದಲೇ ಕೀಳಿ, ಕೈಗವಸು ಇಲ್ಲವೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು. ತುರಿಕೆ ಬಂದವರು ಕೀಳುವ ಕೆಲಸಕ್ಕೆ ಹೋಗಲೇಬಾರದು.

ಹುಟ್ಟಿನಿಂದ ಮೈ, ಕೂದಲು ಬೆಳ್ಳಗಿರುವ ಮಕ್ಕಳನ್ನು ಬಿಸಿಲಿಗೆ ಬಿಡಬೇಡಿ, ಅವರಿಗೆ ಚಿಕ್ಕ ವಯಸ್ಸಿಗೇ ಚರ್ಮದ ಕ್ಯಾನ್ಸರು ಬರಬಹುದು. ಯಾರದೇ ತುಟಿ, ಮುಖ, ಕಿವಿಯ ಹುಣ್ಣು ತಿಂಗಳಾದರೂ ಮಾಯದಿದ್ದರೆ, ಕಣ್ಣಿನ ಬಿಳಿಗುಡ್ಡೆಯಿಂದ ಕಪ್ಪಿನ ಕಡೆ ಮಾಂಸ ಬೆಳೆಯುತ್ತಿದ್ದರೆ ತೋರಿಸಿ. ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುವ ದಿನಗಳಲ್ಲಿ ಬಿಸಿಲು ಬೇಗ ಸುಡುತ್ತದೆ, ಮೈ ಮುಚ್ಚಿಕೊಳ್ಳಿ.

ಎಲ್ಲಕ್ಕಿಂತ ಕಷ್ಟದ್ದು ಕೆಲಸದ ಹೊತ್ತು ಬದಲಿಸುವುದು. ಎರಡು ವರ್ಷದಿಂದ ನಮ್ಮ ಹೊಲದಲ್ಲಿ ಕಳೆ ಕೆಲಸ ಏಳಕ್ಕೆ ಶುರು, ಹನ್ನೊಂದೂವರೆಗೆ ಬಿಡುವು, ಮೂರಕ್ಕೆ ಮತ್ತೆ ಶುರು. "ಬೆಳಿಗ್ಗೆ ಅಡಿಗೆ ಯಾರು ಮಾಡ್ತಾರೆ ಗೌಡ್ರೇ" ಅಂತ ಹೆಂಗಸರು ಕೇಳಿದರು, ಕೇಳಿದ್ದು ನ್ಯಾಯವೇ. ಬೆಳಗಿನ ರೊಟ್ಟಿ, ಚಟ್ನಿ ನಮ್ಮ ಮನೆಯಿಂದಲೇ ಹೊಲಕ್ಕೆ ಹೋಗುತ್ತದೆ ಅಂದ ಮೇಲೆ ಒಪ್ಪಿದರು. ಕೂಲಿ ಕಡಿಮೆ ಮಾಡಲಿಲ್ಲ. ಪಕ್ಕದ ಹೊಲದವರು "ನೀವು ರೇಟು ಕೆಡಿಸ್ತೀರಿ" ಅಂತ ಇವತ್ತಿಗೂ ಗೊಣಗುತ್ತಾರೆ. ಬಿಡುವಿಗೆ ಕೂರಲು ಬದುವಿನಲ್ಲಿ ಎರಡು ಹೊಂಗೆ ಬೆಳೆಸಿದ್ದೇನೆ. ಅದರ ಬುಡದಲ್ಲಿ ಶೇಂಗಾ ಮೂರು ಸಾಲು ಸೊರಗುತ್ತದೆ. ಸೊರಗಲಿ ಅಂತ ಬಿಟ್ಟಿದ್ದೇನೆ.