ಪೀಳಿಗೆಯ ನೌಕೆ: ಆಕಾರವೂ ಪ್ರಮಾಣವೂ

ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಪ್ರಯಾಣವು ಮನುಷ್ಯನ ಆಯುಷ್ಯವನ್ನು ಮೀರಿದುದಾದರೆ, ಹೊರಟವರು ದಾರಿಯಲ್ಲಿಯೇ ಗತಿಸಿ ಅವರ ಸಂತತಿಯವರು ಗುರಿಯನ್ನು ಮುಟ್ಟಬೇಕಾಗುವುದು. ಇಂಥ ಪ್ರಯಾಣಕ್ಕಾಗಿ ವಿಜ್ಞಾನಕಥೆಗಾರರು ಕಲ್ಪಿಸಿದ ಸಂಚಾರಿ ನಗರವೇ ಪೀಳಿಗೆಯ ನೌಕೆ. ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವು 4.24 ಜ್ಯೋತಿರ್ವರ್ಷಗಳ ದೂರದಲ್ಲಿರುವುದು. 1977ರಲ್ಲಿ ಹೊರಟ ವಾಯೇಜರ್ 1 ಯಂತ್ರದ ವೇಗವು ಸೆಕೆಂಡಿಗೆ ಸುಮಾರು 17 ಕಿಲೋಮೀಟರು. ಆ ವೇಗದಿಂದ ಅಷ್ಟು ದೂರವನ್ನು ಕ್ರಮಿಸಲು ಸುಮಾರು 75,000 ವರ್ಷಗಳು ಬೇಕು.

ಆಕಾಶದಲ್ಲಿ ಸಂಚರಿಸುವ ನಗರದ ಕಲ್ಪನೆ ನಮ್ಮವರಿಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಸಾಲ್ವನ ಸೌಭವೂ ದಾನವರ ಹಿರಣ್ಯಪುರವೂ ವರ್ಣಿತವಾಗಿವೆ. ಆದರೆ ಅವು ಮಾಯೆಯಿಂದಲೂ ವರಬಲದಿಂದಲೂ ನಿಂತವು. ಆಧುನಿಕ ಕಥೆಗಾರನಾದರೋ ಅನ್ನ, ನೀರು, ಗಾಳಿಗಳ ಲೆಕ್ಕವನ್ನು ವಾಚಕರಿಗೆ ಒಪ್ಪಿಸಬೇಕಾಗಿದೆ. ಈ ಲೆಕ್ಕವನ್ನು ನೋಡಿದರೆ, ನೌಕೆಯ ಪ್ರಮಾಣವನ್ನು ನಿರ್ಣಯಿಸುವುದು ಅದರ ಯಂತ್ರವಲ್ಲ, ಹೊರಗಿನಿಂದ ತರಲಾಗದ ವಸ್ತುಗಳೇ ಎಂಬುದು ವ್ಯಕ್ತವಾಗುವುದು.

ಮೊದಲು ಆಕಾರವನ್ನು ವಿಚಾರಿಸಬೇಕು. ತೂಕವಿಲ್ಲದ ಸ್ಥಿತಿಯಲ್ಲಿ ಎಲುಬುಗಳೂ ಸ್ನಾಯುಗಳೂ ಕ್ಷೀಣಿಸುವುವು. ಆದುದರಿಂದ ನೌಕೆಯನ್ನು ಚಕ್ರದಂತೆ ತಿರುಗಿಸಿ, ಅದರ ಒಳಅಂಚಿನಲ್ಲಿ ನಿಂತವರಿಗೆ ತೂಕವನ್ನು ಉಂಟುಮಾಡಬೇಕು. ನಿಮಿಷಕ್ಕೆ ಎರಡು ಸುತ್ತು ತಿರುಗುವ ಚಕ್ರದಲ್ಲಿ ಭೂಮಿಯಷ್ಟೇ ತೂಕ ಬರಲು ತ್ರಿಜ್ಯವು ಸುಮಾರು 224 ಮೀಟರು ಇರಬೇಕು. ಒಂದೇ ಸುತ್ತಾದರೆ ಸುಮಾರು 895 ಮೀಟರು. ಚಕ್ರವು ಚಿಕ್ಕದಾದಷ್ಟೂ ವೇಗವಾಗಿ ತಿರುಗಬೇಕಾಗಿ, ಒಳಗಿನವರಿಗೆ ತಲೆಸುತ್ತು ಬರುವುದು. 1929ರಲ್ಲಿ ಜೆ. ಡಿ. ಬರ್ನಾಲನು ಸುಮಾರು 16 ಕಿಲೋಮೀಟರು ವ್ಯಾಸದ, ಇಪ್ಪತ್ತು ಮೂವತ್ತು ಸಾವಿರ ಜನರು ವಾಸಿಸತಕ್ಕ ಗೋಲವನ್ನು ಸೂಚಿಸಿದನು. ಕಿಮ್ ಸ್ಟಾನ್ಲೀ ರಾಬಿನ್ಸನ್ನನ 2015ರ 'ಅರೋರಾ' ಕಾದಂಬರಿಯ ನೌಕೆಯಲ್ಲಿ ಎರಡು ಚಕ್ರಗಳೂ ಸುಮಾರು 2,000 ಜನರೂ ಇರುವರು.

ಎರಡನೆಯದು ಜನಸಂಖ್ಯೆ. 2018ರಲ್ಲಿ ಮಾರಿನ್ ಮತ್ತು ಬೆಲ್ಯುಫಿ ಎಂಬ ವಿದ್ವಾಂಸರು, ವಿವಾಹಗಳನ್ನು ಕಟ್ಟುನಿಟ್ಟಾಗಿ ನಿಯಮಿಸಿದರೆ 6,300 ವರ್ಷಗಳ ಪ್ರಯಾಣಕ್ಕೆ 98 ಜನರು ಸಾಕೆಂದು ಗಣಿಸಿದರು. 2014ರಲ್ಲಿ ಕ್ಯಾಮರೂನ್ ಸ್ಮಿತ್ ಎಂಬವರು 14,000ದಿಂದ 44,000 ಜನರು ಬೇಕೆಂದಿದ್ದರು. ಈ ಅಂತರದ ಮರ್ಮವನ್ನು ಧರ್ಮಶಾಸ್ತ್ರದ ಸಾಪಿಂಡ್ಯವಿಚಾರದಿಂದ ಸುಲಭವಾಗಿ ತಿಳಿಯಬಹುದು. ತಾಯಿಯ ಕಡೆಯಲ್ಲಿ ಐದು, ತಂದೆಯ ಕಡೆಯಲ್ಲಿ ಏಳು ತಲೆಗಳೊಳಗೆ ವಿವಾಹವು ವರ್ಜ್ಯವೆಂದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಒಬ್ಬ ವ್ಯಕ್ತಿಗೆ ಆರು ತಲೆಮಾರುಗಳ ಮೇಲೆ 64 ಪೂರ್ವಜಸ್ಥಾನಗಳುಂಟು. ವಧೂವರರಿಬ್ಬರಿಗೂ ಸೇರಿ 128. ಮೊದಲು ನೌಕೆಯನ್ನು ಹತ್ತಿದವರೇ 98 ಮಂದಿಯಾದರೆ, ಒಬ್ಬರೇ ಎರಡು ಸ್ಥಾನಗಳನ್ನು ತುಂಬುವುದು ಅನಿವಾರ್ಯ. ದಕ್ಷಿಣದೇಶದ ಮಾತುಲಕನ್ಯಾವಿವಾಹವನ್ನು ಬೌಧಾಯನನು ದೇಶಾಚಾರವೆಂದು ಹೇಳಿರುವನಾದರೂ, ಅಲ್ಲಿ ಮಾವನಲ್ಲದೆ ಬೇರೆ ಮನೆಗಳೂ ಬೇರೆ ಊರುಗಳೂ ಇದ್ದವು. ಭಾಲ್ಕಿ ತಾಲೂಕಿನ ಹಲಬರ್ಗಾದವರಿಗೆ ಸಂಬಂಧ ಬೆಳೆಸಲು ಔರಾದ, ಬೀದರ, ಉದಗೀರಗಳ ಕಡೆಯ ಹಳ್ಳಿಗಳುಂಟು. ನೌಕೆಗೆ ನೆರೆಯೂರೆಂಬುದೇ ಇಲ್ಲ. ಆದುದರಿಂದ ಒಂದು ಗ್ರಾಮವನ್ನು ಒಯ್ದರೆ ಸಾಲದು, ಸುತ್ತಣ ಸೀಮೆಯನ್ನೇ ಒಯ್ಯಬೇಕು.

ಮೂರನೆಯದು ಗಾಳಿ. ಅಮೆರಿಕದ ಅರಿಜೋನಾದಲ್ಲಿ 1991ರಿಂದ 1993ರ ವರೆಗೆ ಎಂಟು ಜನರು, ಬಯೋಸ್ಫಿಯರ್ 2 ಎಂಬ, ಸುಮಾರು 1.27 ಹೆಕ್ಟೇರು ವಿಸ್ತಾರದ ಮುಚ್ಚಿದ ಗಾಜಿನ ಭವನದಲ್ಲಿ ವಾಸಿಸಿದರು. ಹದಿನಾರು ತಿಂಗಳಲ್ಲಿ ಪ್ರಾಣವಾಯುವು ನೂರಕ್ಕೆ 20.9ರಿಂದ 14.5ಕ್ಕೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಂಡವು. ಅವು ಬಿಟ್ಟ ಅಂಗಾರಾಮ್ಲವು ಸಸ್ಯಗಳಿಗೆ ದೊರೆಯದೆ ಗೋಡೆಯ ಕಾಂಕ್ರೀಟಿನಲ್ಲಿ ಸೇರಿಹೋಯಿತು. ಕಡೆಗೆ ಹೊರಗಿನಿಂದ ಪ್ರಾಣವಾಯುವನ್ನು ತುಂಬಬೇಕಾಯಿತು. ನಕ್ಷತ್ರಗಳ ನಡುವೆ ಅಂಥ ಹೊರಗು ಇಲ್ಲ. ನೌಕೆಯು ದೊಡ್ಡದಾದಷ್ಟೂ ಇಂಥ ದೋಷಗಳು ನಿಧಾನವಾಗಿ ತಲೆದೋರಿ, ಪರಿಹಾರಕ್ಕೆ ಅವಕಾಶ ದೊರೆಯುವುದು.

ನಾಲ್ಕನೆಯದೂ ಕಠಿನತಮವೂ ಆದುದು ಜ್ಞಾನದ ಪರಂಪರೆ. ರಾಬರ್ಟ್ ಹೈನ್ಲೈನನ 1941ರ 'ಯೂನಿವರ್ಸ್' ಕಥೆಯಲ್ಲಿ ನೌಕೆಯ ಜನರು ಪ್ರಯಾಣವನ್ನೇ ಮರೆತು, ನೌಕೆಯೇ ಸಮಸ್ತ ಜಗತ್ತೆಂದು ನಂಬಿರುವರು. ಇದು ಕೇವಲ ಕಥೆಯೆನ್ನುವಂತಿಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪಾರಸೀಕ ವಿಧಾನದಂತೆ ನೆಲದೊಳಗೆ ಕರೇಜ್ ಎಂಬ ನೀರಿನ ಸುರಂಗವನ್ನು ಕೊರೆದರು. ಜಂಬಿಟ್ಟಿಗೆಯ ಪದರದಲ್ಲಿ ಇಳಿದ ಮಳೆನೀರನ್ನು ಅದು ಸಂಗ್ರಹಿಸಿ, ಯಾವ ಯಂತ್ರದ ನೆರವೂ ಇಲ್ಲದೆ ಕೇವಲ ಇಳುಕಲಿನಿಂದ ಹರಿಯಿಸುತ್ತಿದ್ದಿತು. ಅದನ್ನು ಶುಚಿಯಾಗಿಡುವ ರೂಢಿ ತಪ್ಪಿದಾಗ ಸುರಂಗವು ಹೂಳಿನಿಂದ ತುಂಬಿತು. ಅದರ ಮೇಲೆಯೇ ನಡೆದಾಡುವ ಅನೇಕರಿಗೆ ಕೆಳಗೇನಿದೆಯೆಂಬುದು ತಿಳಿಯದೆ ಹೋಯಿತು. 21ನೆಯ ಶತಮಾನದ ಎರಡನೆಯ ದಶಕದಲ್ಲಿ ಅದರ ಶೋಧನೆಯೂ ಹೂಳೆತ್ತುವ ಕಾರ್ಯವೂ ನಡೆದವು. ಬೀದರಿಗೆ ಬಾವಿಗಳೂ ಕೆರೆಗಳೂ ಇದ್ದುದರಿಂದ ಈ ಮರೆವು ಮಾರಕವಾಗಲಿಲ್ಲ. ನೌಕೆಯಲ್ಲಿ ಒಂದು ತಲೆಮಾರು ಮರೆತರೆ ಮುಂದಿನ ತಲೆಮಾರೇ ಇರದು.

ಈ ಕಾರಣಗಳಿಂದ, ಪೀಳಿಗೆಯ ನೌಕೆಯನ್ನು ಅಳೆಯಲು ಉದ್ದ ಅಗಲಗಳು ಸಾಲವೆಂದು ಸಿದ್ಧವಾಗುವುದು. ರಕ್ತಸಂಬಂಧವು ದೂರವುಳಿಯುವಷ್ಟು ಜನ, ತಪ್ಪನ್ನು ಸಹಿಸುವಷ್ಟು ಗಾಳಿ ಮಣ್ಣು, ವಿದ್ಯೆಯು ಲೋಪಿಸದಷ್ಟು ಗುರುಶಿಷ್ಯರು, ಇವೇ ಅದರ ನಿಜವಾದ ಮಾನಗಳು. ಹತ್ತುವವರು ತಮ್ಮ ಇಚ್ಛೆಯಿಂದ ಹತ್ತುವರು. ನಡುವೆ ಹುಟ್ಟುವವರನ್ನಾದರೋ ಯಾರೂ ಕೇಳಿರುವುದಿಲ್ಲ. ಅವರು ತಮ್ಮದಲ್ಲದ ಸಂಕಲ್ಪವನ್ನು ಕಾಪಾಡಿ, ತಾವು ಕಾಣದ ತೀರಕ್ಕೆ ಮುಟ್ಟಿಸಬೇಕು. ಅವರಿಗೂ ತುಂಬು ಬಾಳನ್ನು ಕೊಡಬಲ್ಲ ವಿಸ್ತಾರವಿಲ್ಲದ ನೌಕೆಯು ಎಷ್ಟು ಮೈಲಿ ಉದ್ದವಿದ್ದರೂ ಚಿಕ್ಕದೇ ಸರಿ.